ಟಿಪ್ಪು ಸುಲ್ತಾನರ ಕನಸಿನ ಪುಸ್ತಕ

ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ಯುದ್ಧಗಳನ್ನು ನೀವು ಓದಿದ್ದೀರಿ. ಅವರ ಮನಸ್ಸಿನ ಭಾರವನ್ನು ಯೋಚಿಸಿದ್ದೀರಾ? 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಮದ್ರಾಸಿಗೆ ಹೋದರು. ತಂದೆಯಾದವರಿಗೆ ಇದಕ್ಕಿಂತ ಸಂಕಟ ಬೇಕೇ? ಅವರು ಕೈಚೆಲ್ಲಿ ಕೂರಲಿಲ್ಲ. ಹಣ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು.

ಆಳ್ವಿಕೆಯ ಕಾಲದಲ್ಲಿ ಅವರು ತಮ್ಮ ಕನಸುಗಳನ್ನು ಸ್ವಹಸ್ತದಿಂದ ಪಾರ್ಸಿಯಲ್ಲಿ ಗುಟ್ಟಾಗಿ ಬರೆದಿಡುತ್ತಿದ್ದರು. ಒಟ್ಟು 37. ಅದರಲ್ಲೇನಿದೆ ಎಂಬುದು ಮುನ್ಷಿ ಹಬೀಬುಲ್ಲಾರಿಗೂ ತಿಳಿದಿರಲಿಲ್ಲ. ಆರೋಗ್ಯಕ್ಕಾಗಿ ಬರೆದರೆಂದು ನಾನು ಹೇಳಲಾರೆ. ಆದರೆ 1986ರಲ್ಲಿ ಪ್ರಕಟವಾದ ಅಮೆರಿಕದ ಪೆನ್ನೆಬೇಕರ್ ಅವರ ಪ್ರಯೋಗದಲ್ಲಿ, ನಾಲ್ಕು ದಿನ 15 ನಿಮಿಷ ಮನದ ನೋವನ್ನು ಬರೆದ ವಿದ್ಯಾರ್ಥಿಗಳು ಮುಂದಿನ ಆರು ತಿಂಗಳು ಆಸ್ಪತ್ರೆಗೆ ಹೋದದ್ದು ಕಡಿಮೆ. ಪರೀಕ್ಷೆಯ ಮುನ್ನಾದಿನ ಹೊಟ್ಟೆ ಹಿಂಡಿದರೆ ನೀವೂ ಒಂದು ಹಾಳೆ ತೆಗೆದುಕೊಳ್ಳಿ, ಯಾರಿಗೂ ತೋರಿಸಬೇಕಿಲ್ಲ.

ಸುಲ್ತಾನರ ಪುಸ್ತಕ 1799ರಲ್ಲಿ ಅವರು ಹತರಾದ ಬಳಿಕವೇ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.