ಕಾನಿ ಮ್ಯಾಕ್

ಕಾನಿ ಮ್ಯಾಕ್ (22 ಡಿಸೆಂಬರ್ 1862 – 8 ಫೆಬ್ರವರಿ 1956) ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ಆಟಗಾರರು, ತಂಡದ ವ್ಯವಸ್ಥಾಪಕರು ಹಾಗೂ ತಂಡದ ಒಡೆಯರು. ಇವರ ಪೂರ್ಣ ಹೆಸರು ಕಾರ್ನೀಲಿಯಸ್ ಮೆಕ್‌ಗಿಲಿಕಡಿ. 1901ರಿಂದ 1950ರವರೆಗೆ, ಸತತವಾಗಿ ಐವತ್ತು ಋತುಗಳ ಕಾಲ, ಇವರು ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಮುನ್ನಡೆಸಿದರು. ಮೇಜರ್ ಲೀಗ್ ಬೇಸ್‌ಬಾಲ್ ಇತಿಹಾಸದಲ್ಲಿ ಅತಿ ಹೆಚ್ಚು ಪಂದ್ಯಗಳನ್ನು ಗೆದ್ದ ವ್ಯವಸ್ಥಾಪಕರು ಇವರು (3,731). ಅತಿ ಹೆಚ್ಚು ಪಂದ್ಯಗಳನ್ನು ಸೋತವರೂ ಇವರೇ (3,948). ಇವರ ತಂಡ ಐದು ಬಾರಿ ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನು ಗೆದ್ದಿತು. ಹದಿನೇಳು ಬಾರಿ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಒಬ್ಬ ವ್ಯಕ್ತಿಯಾಗಿ ಊರಿನ ಜನರ ಪ್ರೀತಿಯನ್ನು ಗಳಿಸಿದ ಮ್ಯಾಕ್, ಒಡೆಯರಾಗಿ ಅದೇ ಜನರ ದೀರ್ಘಕಾಲದ ಅಸಮಾಧಾನಕ್ಕೂ ಗುರಿಯಾದರು.

ಬಾಲ್ಯ ಮತ್ತು ಆಟದ ದಿನಗಳು

ಮ್ಯಾಕ್ ಜನಿಸಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಬ್ರೂಕ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆತಾಯಿಗಳು ಐರ್ಲೆಂಡ್ ಮೂಲದವರು. ತಂದೆ ಹತ್ತಿಗಿರಣಿಯ ಕಾರ್ಮಿಕರಾಗಿದ್ದು ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಾಗಿ ಹೋರಾಡಿದ್ದರು. ಬಡತನದ ಕಾರಣ ಮ್ಯಾಕ್ ಚಿಕ್ಕ ವಯಸ್ಸಿನಲ್ಲಿಯೇ ಗಿರಣಿಯಲ್ಲಿಯೂ ಮುಂದೆ ಪಾದರಕ್ಷೆಯ ಕಾರ್ಖಾನೆಯಲ್ಲಿಯೂ ದುಡಿದರು. ನೀಳವಾದ ತೆಳ್ಳನೆಯ ಮೈಕಟ್ಟಿನ ಇವರು ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಆದರು. ಕ್ರಿಕೆಟ್ಟಿನ ವಿಕೆಟ್ ಕೀಪರನನ್ನು ಹೋಲುವ ಈ ಸ್ಥಾನದಲ್ಲಿ ನಿಂತವನಿಗೆ ಇಡೀ ಮೈದಾನ ಕಣ್ಣೆದುರಿಗಿರುತ್ತದೆ.

1886ರಲ್ಲಿ ವಾಷಿಂಗ್ಟನ್ ತಂಡದ ಮೂಲಕ ಇವರು ಮೇಜರ್ ಲೀಗ್ ಪ್ರವೇಶಿಸಿದರು. 1890ರಲ್ಲಿ ಆಟಗಾರರು ಒಡೆಯರ ವಿರುದ್ಧ ದಂಗೆಯೆದ್ದು ತಮ್ಮದೇ ಆದ ಪ್ಲೇಯರ್ಸ್ ಲೀಗ್ ಎಂಬ ಸಂಘಟನೆಯನ್ನು ಕಟ್ಟಿದಾಗ, ಮ್ಯಾಕ್ ಅದರ ಬಫಲೊ ತಂಡವನ್ನು ಸೇರಿ ತಮ್ಮ ಉಳಿತಾಯದ ಹಣವನ್ನೂ ಅದರಲ್ಲಿ ತೊಡಗಿಸಿದರು. ಆ ಲೀಗ್ ಒಂದೇ ವರ್ಷದಲ್ಲಿ ಮುಚ್ಚಿತು. ಮುಂದೆ ಒಡೆಯರಾದಾಗ ಆಟಗಾರರ ಸಂಬಳದ ವಿಷಯದಲ್ಲಿ ಬಿಗಿ ಹಿಡಿದ ಮ್ಯಾಕ್, ಯೌವನದಲ್ಲಿ ಆಟಗಾರರ ಪಕ್ಷದಲ್ಲಿ ನಿಂತು ಕೈಸುಟ್ಟುಕೊಂಡವರು ಎಂಬುದು ಗಮನಾರ್ಹ. ಅನಂತರ ಪಿಟ್ಸ್‌ಬರ್ಗ್ ತಂಡದಲ್ಲಿ ಆಡಿ, 1894ರಿಂದ 1896ರವರೆಗೆ ಅದರ ವ್ಯವಸ್ಥಾಪಕರೂ ಆಗಿದ್ದರು. ಮುಂದಿನ ನಾಲ್ಕು ವರ್ಷ ಮಿಲ್ವಾಕಿ ತಂಡವನ್ನು ನಡೆಸಿದರು.

ಅಥ್ಲೆಟಿಕ್ಸ್ ತಂಡದ ಸ್ಥಾಪನೆ

1901ರಲ್ಲಿ ಅಮೆರಿಕನ್ ಲೀಗ್ ಮೇಜರ್ ಲೀಗಿನ ಮಟ್ಟಕ್ಕೇರಿದಾಗ ಫಿಲಡೆಲ್ಫಿಯಾ ನಗರದ ಹೊಸ ತಂಡದ ಹೊಣೆ ಮ್ಯಾಕ್ ಅವರಿಗೆ ಬಂದಿತು. ಬೇಸ್‌ಬಾಲ್ ಚೆಂಡುಗಳ ತಯಾರಿಕೆಯಲ್ಲಿ ಪಾಲುಗಾರರಾಗಿದ್ದ ಬೆನ್ ಶೈಬ್ ಅರ್ಧ ಪಾಲನ್ನು ಪಡೆದರು. ಮ್ಯಾಕ್ ಕಾಲು ಪಾಲಿನ ಒಡೆಯರಾದರು. ಉಳಿದ ಕಾಲು ಪಾಲು ಇಬ್ಬರು ಪತ್ರಕರ್ತರದಾಗಿತ್ತು. ಸುಮಾರು ಹನ್ನೆರಡು ವರ್ಷಗಳ ನಂತರ ಮ್ಯಾಕ್ ಆ ಪಾಲನ್ನೂ ಕೊಂಡು ಅರ್ಧದಷ್ಟು ಒಡೆತನ ಪಡೆದರು. ಹಣಕಾಸಿನ ವ್ಯವಹಾರ ಶೈಬ್ ಕುಟುಂಬದ್ದು, ಆಟದ ತೀರ್ಮಾನಗಳೆಲ್ಲ ಮ್ಯಾಕ್ ಅವರದು ಎಂಬ ಏರ್ಪಾಡು ದಶಕಗಳ ಕಾಲ ನಡೆದುಬಂದಿತು.

ಎದುರಾಳಿ ವ್ಯವಸ್ಥಾಪಕರೊಬ್ಬರು ಈ ಹೊಸ ತಂಡವನ್ನು ಸಾಕಲಾಗದ ಬಿಳಿಯಾನೆಯೆಂದು ಹೀಗಳೆದಾಗ, ಮ್ಯಾಕ್ ಅದೇ ಬಿಳಿಯಾನೆಯನ್ನು ತಂಡದ ಲಾಂಛನವಾಗಿ ಸ್ವೀಕರಿಸಿದರು. 1902ರಲ್ಲಿಯೂ 1905ರಲ್ಲಿಯೂ ತಂಡ ಲೀಗ್ ಪ್ರಶಸ್ತಿಯನ್ನು ಗೆದ್ದಿತು. 1909ರ ಏಪ್ರಿಲ್‌ನಲ್ಲಿ ಉಕ್ಕು ಮತ್ತು ಕಾಂಕ್ರೀಟಿನಿಂದ ಕಟ್ಟಿದ ಶೈಬ್ ಪಾರ್ಕ್ ಕ್ರೀಡಾಂಗಣ ಆರಂಭವಾಯಿತು. ಅಂತಹ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ ಅದು ಮೊದಲನೆಯದು.

ಮ್ಯಾಕ್ ಆಟಗಾರರ ಸಮವಸ್ತ್ರವನ್ನು ಧರಿಸುತ್ತಿರಲಿಲ್ಲ. ಸೂಟು, ಬಿಗಿಯಾದ ಕಾಲರು, ಹ್ಯಾಟು ಧರಿಸಿ ಅಂಗಳದ ಅಂಚಿನಲ್ಲಿ ಕುಳಿತು, ಕೈಯಲ್ಲಿದ್ದ ಅಂಕಪಟ್ಟಿಯನ್ನು ಬೀಸಿ ಆಟಗಾರರನ್ನು ಅತ್ತಿತ್ತ ಸರಿಸುತ್ತಿದ್ದರು. ಏರುದನಿಯಲ್ಲಿ ಗದರಿಸುವುದು ಅವರ ಸ್ವಭಾವವಾಗಿರಲಿಲ್ಲ. ಆಟಗಾರರು ಅವರನ್ನು ಮಿಸ್ಟರ್ ಮ್ಯಾಕ್ ಎಂದೇ ಗೌರವದಿಂದ ಸಂಬೋಧಿಸುತ್ತಿದ್ದರು.

ಮೊದಲ ವೈಭವ ಮತ್ತು ಮೊದಲ ವಿಘಟನೆ

1910, 1911 ಮತ್ತು 1913ರಲ್ಲಿ ಅಥ್ಲೆಟಿಕ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಸ್ಟಫಿ ಮೆಕಿನಿಸ್, ಎಡ್ಡಿ ಕಾಲಿನ್ಸ್, ಜ್ಯಾಕ್ ಬ್ಯಾರಿ ಮತ್ತು ಫ್ರ್ಯಾಂಕ್ ಬೇಕರ್ ಈ ನಾಲ್ವರ ಕೂಟವು ಲಕ್ಷ ಡಾಲರಿನ ಒಳಾಂಗಣವೆಂದು ಹೆಸರಾಯಿತು. 1914ರಲ್ಲಿಯೂ ಲೀಗ್ ಪ್ರಶಸ್ತಿ ಇವರಿಗೇ ದೊರೆಯಿತಾದರೂ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್ ಬ್ರೇವ್ಸ್ ತಂಡದ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಬೇಕಾಯಿತು.

ಅದೇ ವೇಳೆಗೆ ಫೆಡರಲ್ ಲೀಗ್ ಎಂಬ ಹೊಸ ಸಂಘಟನೆ ದೊಡ್ಡ ಸಂಬಳದ ಆಮಿಷವೊಡ್ಡಿ ಆಟಗಾರರನ್ನು ಸೆಳೆಯತೊಡಗಿತ್ತು. ಆ ಸಂಬಳಗಳಿಗೆ ಸರಿಗಟ್ಟಲು ಮ್ಯಾಕ್ ಒಪ್ಪಲಿಲ್ಲ. ಪಿಚರ್‌ಗಳಾದ ಎಡ್ಡಿ ಪ್ಲ್ಯಾಂಕ್ ಮತ್ತು ಚೀಫ್ ಬೆಂಡರ್ ತಂಡವನ್ನು ಬಿಟ್ಟರು. ಎಡ್ಡಿ ಕಾಲಿನ್ಸ್ ಅವರನ್ನು 50,000 ಡಾಲರಿಗೆ ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ಮಾರಲಾಯಿತು. ಬೇಕರ್ ಒಂದು ವರ್ಷ ಆಡದೆಯೇ ಮನೆಯಲ್ಲಿ ಉಳಿದು ಅನಂತರ ನ್ಯೂಯಾರ್ಕ್ ಯಾಂಕೀಸ್ ಪಾಲಾದರು. 1914ರಲ್ಲಿ 99 ಪಂದ್ಯಗಳನ್ನು ಗೆದ್ದಿದ್ದ ತಂಡ 1915ರಲ್ಲಿ ಗೆದ್ದದ್ದು 43 ಮಾತ್ರ. 1916ರಲ್ಲಿ 36 ಪಂದ್ಯಗಳನ್ನು ಗೆದ್ದು 117ರಲ್ಲಿ ಸೋತಿತು; ಆ ವರ್ಷ ಒಮ್ಮೆ ಸತತವಾಗಿ 20 ಪಂದ್ಯಗಳನ್ನು ಕಳೆದುಕೊಂಡಿತು. 1915ರಿಂದ 1921ರವರೆಗಿನ ಏಳು ವರ್ಷವೂ ತಂಡಕ್ಕೆ ದಕ್ಕಿದ್ದು ಕೊನೆಯ ಸ್ಥಾನವೇ. 1914ರಲ್ಲಿ ಸುಮಾರು 3.46 ಲಕ್ಷವಿದ್ದ ಪ್ರೇಕ್ಷಕರ ಸಂಖ್ಯೆ ಮರುವರ್ಷ 1.46 ಲಕ್ಷಕ್ಕೆ ಕುಸಿಯಿತು.

ಎರಡನೆಯ ಏಳಿಗೆ ಮತ್ತು ಎರಡನೆಯ ವಿಘಟನೆ

1920ರ ದಶಕದಲ್ಲಿ ಮ್ಯಾಕ್ ತಂಡವನ್ನು ಮತ್ತೆ ಕಟ್ಟಿದರು. ಪಿಚರ್ ಲೆಫ್ಟಿ ಗ್ರೋವ್ ಅವರನ್ನು ಬಾಲ್ಟಿಮೋರ್ ತಂಡದಿಂದ 1,00,600 ಡಾಲರ್ ತೆತ್ತು ತಂದರು. ಮಿಕ್ಕಿ ಕಾಕ್ರನ್, ಆಲ್ ಸಿಮನ್ಸ್ ಮತ್ತು ಜಿಮ್ಮಿ ಫಾಕ್ಸ್ ಬೆಳಕಿಗೆ ಬಂದರು. 1929 ಮತ್ತು 1930ರಲ್ಲಿ ವರ್ಲ್ಡ್ ಸೀರೀಸ್ ಗೆಲುವು, 1931ರಲ್ಲಿ 107 ಗೆಲುವುಗಳೊಡನೆ ಲೀಗ್ ಪ್ರಶಸ್ತಿ ದೊರೆತವು. 1929ರ ವರ್ಲ್ಡ್ ಸೀರೀಸ್‌ನ ಒಂದು ಪಂದ್ಯದಲ್ಲಿ ಎಂಟು ರನ್ ಹಿಂದಿದ್ದ ತಂಡ ಒಂದೇ ಇನಿಂಗ್ಸ್‌ನಲ್ಲಿ ಹತ್ತು ರನ್ ಗಳಿಸಿ ಗೆದ್ದದ್ದು ಇಂದಿಗೂ ಸ್ಮರಣೀಯ. ಸಾಮಾನ್ಯವಾಗಿ ಕಲಾವಿದರು, ವಿಜ್ಞಾನಿಗಳು ಹಾಗೂ ವಿದ್ವಾಂಸರಿಗೆ ಸಲ್ಲುತ್ತಿದ್ದ ನಗರದ ಬಾಕ್ ಪ್ರಶಸ್ತಿಯನ್ನು ಮ್ಯಾಕ್ ಅವರಿಗೆ ನೀಡಿ ಫಿಲಡೆಲ್ಫಿಯಾ ಗೌರವಿಸಿತು.

ಇಷ್ಟರಲ್ಲಿ ಮಹಾ ಆರ್ಥಿಕ ಕುಸಿತ ದೇಶವನ್ನು ಆವರಿಸಿತು. 1929ರಲ್ಲಿ 8.39 ಲಕ್ಷ ಜನ ಪಂದ್ಯಗಳಿಗೆ ಬಂದಿದ್ದರೆ 1933ರಲ್ಲಿ ಬಂದವರು 2.97 ಲಕ್ಷ. ದುಡಿಯುವ ಜನರಿಗೆ ಪೂರ್ತಿ ಬಿಡುವಿರುತ್ತಿದ್ದ ಭಾನುವಾರದಂದು ಪಂದ್ಯ ನಡೆಸಲು ಪೆನ್ಸಿಲ್ವೇನಿಯಾ ರಾಜ್ಯದ ಹಳೆಯ ಕಾನೂನು 1934ರವರೆಗೆ ಅವಕಾಶ ಕೊಡಲಿಲ್ಲ. ಬ್ಯಾಂಕಿನ ಸಾಲ ಬೆನ್ನಿಗಿತ್ತು. 1932ರ ಸೆಪ್ಟೆಂಬರ್‌ನಲ್ಲಿ ಸಿಮನ್ಸ್ ಮತ್ತು ಇನ್ನಿಬ್ಬರನ್ನು ಒಂದು ಲಕ್ಷ ಡಾಲರಿಗೆ ವೈಟ್ ಸಾಕ್ಸ್ ತಂಡಕ್ಕೆ ಮಾರಲಾಯಿತು. 1933ರ ಡಿಸೆಂಬರ್‌ನಲ್ಲಿ ಗ್ರೋವ್ ಬಾಸ್ಟನ್ ರೆಡ್ ಸಾಕ್ಸ್‌ಗೂ ಕಾಕ್ರನ್ ಡೆಟ್ರಾಯಿಟ್‌ಗೂ ಹೋದರು. 1935ರ ಡಿಸೆಂಬರ್‌ನಲ್ಲಿ ಫಾಕ್ಸ್ ಕೂಡ ಬಾಸ್ಟನ್ ಸೇರಿದರು. ಕಾಕ್ರನ್ ಡೆಟ್ರಾಯಿಟ್ ತಂಡಕ್ಕೆ 1934 ಮತ್ತು 1935ರಲ್ಲಿ ಲೀಗ್ ಪ್ರಶಸ್ತಿಯನ್ನೂ 1935ರಲ್ಲಿ ವರ್ಲ್ಡ್ ಸೀರೀಸನ್ನೂ ಗೆದ್ದುಕೊಟ್ಟರು. ಅದೇ 1935ರಲ್ಲಿ ಅಥ್ಲೆಟಿಕ್ಸ್ ಕೊನೆಯ ಸ್ಥಾನದಲ್ಲಿತ್ತು.

ಅಭಿಮಾನಿಗಳ ಅಸಮಾಧಾನ

ಬೇಸ್‌ಬಾಲ್‌ನಲ್ಲಿ ತಂಡ ಸೋತಾಗ ಜನರ ಸಿಟ್ಟು ಮೊದಲು ವ್ಯವಸ್ಥಾಪಕನ ಮೇಲೆ ತಿರುಗುತ್ತದೆ. ಒಡೆಯನು ಅವನನ್ನು ತೆಗೆದು ಬೇರೊಬ್ಬನನ್ನು ನೇಮಿಸುತ್ತಾನೆ. ಫಿಲಡೆಲ್ಫಿಯಾದಲ್ಲಿ ಈ ದಾರಿ ಮುಚ್ಚಿತ್ತು. 1936 ಮತ್ತು 1937ರಲ್ಲಿ ಬೆನ್ ಶೈಬ್ ಅವರ ಇಬ್ಬರು ಮಕ್ಕಳು ತೀರಿಕೊಂಡ ಮೇಲೆ ಮ್ಯಾಕ್ ಸಂಸ್ಥೆಯ ಅಧ್ಯಕ್ಷರೂ ಬಹುಪಾಲಿನ ಒಡೆಯರೂ ಆದರು. ವ್ಯವಸ್ಥಾಪಕ ಮ್ಯಾಕ್ ಅವರನ್ನು ತೆಗೆದುಹಾಕಬಲ್ಲವರು ಒಡೆಯ ಮ್ಯಾಕ್ ಒಬ್ಬರೇ ಆಗಿದ್ದರು. ಅಭಿಮಾನಿಯ ಕೈಯಲ್ಲಿ ಉಳಿದದ್ದು ಟಿಕೆಟ್ ಕೊಳ್ಳದಿರುವ ಹಕ್ಕು ಮಾತ್ರ. ಆ ಹಕ್ಕನ್ನು ಅವನು ಧಾರಾಳವಾಗಿ ಬಳಸಿದನು.

1905ರಲ್ಲಿ ಹತ್ತು ವರ್ಷದವನಾಗಿದ್ದ ಅಭಿಮಾನಿಯೊಬ್ಬನನ್ನು ಊಹಿಸಿಕೊಂಡರೆ ಈ ಬೇಸರದ ಅಳತೆ ತಿಳಿಯುತ್ತದೆ. ಹದಿನೆಂಟು ತುಂಬುವುದರೊಳಗೆ ಅವನು ಮೂರು ವರ್ಲ್ಡ್ ಸೀರೀಸ್ ಗೆಲುವುಗಳನ್ನು ಕಂಡನು. ಇಪ್ಪತ್ತರಿಂದ ಇಪ್ಪತ್ತಾರರವರೆಗೆ ಕಂಡದ್ದು ಕೊನೆಯ ಸ್ಥಾನ. ಮೂವತ್ತೈದರ ಹೊತ್ತಿಗೆ ಇನ್ನೆರಡು ಗೆಲುವುಗಳು ಬಂದವು. ಅಲ್ಲಿಂದ ಮುಂದೆ ಅವನು ತಂಡದ ಒಂದೂ ವರ್ಲ್ಡ್ ಸೀರೀಸ್ ಗೆಲುವನ್ನು ಕಾಣಲಿಲ್ಲ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತಂಡವೇ ಊರು ಬಿಟ್ಟು ಹೋಯಿತು. ಎರಡು ಬಾರಿ ಶಿಖರವೇರಿದ್ದೂ ಎರಡು ಬಾರಿ ಆಟಗಾರರನ್ನು ಮಾರಿದ್ದೂ ಒಂದೇ ಕೈ ಆದುದರಿಂದ ಅವನು ಪೂರ್ತಿಯಾಗಿ ಪ್ರೀತಿಸಲೂ ಆಗದೆ, ಪೂರ್ತಿಯಾಗಿ ದ್ವೇಷಿಸಲೂ ಆಗದೆ ಉಳಿದನು.

ಒಡೆತನದ ಕುರಿತಾದ ದೂರುಗಳು ಆಟಗಾರರ ಮಾರಾಟಕ್ಕೆ ಸೀಮಿತವಾಗಿರಲಿಲ್ಲ. ಶೈಬ್ ಪಾರ್ಕಿನ ಬಲಬದಿಯ ಗೋಡೆಯಾಚೆ ಇಪ್ಪತ್ತನೆಯ ಬೀದಿಯ ಮನೆಗಳಿದ್ದವು. ಮಹಡಿಯ ಮೇಲೆ ನಿಂತರೆ ಆಟ ಕಾಣುತ್ತಿತ್ತು. ಮನೆಯವರು ಹಣ ಪಡೆದು ಇತರರಿಗೂ ಜಾಗ ಕೊಡುತ್ತಿದ್ದರು. 1935ರಲ್ಲಿ ಹನ್ನೆರಡು ಅಡಿಯ ಆ ಗೋಡೆಯನ್ನು ಸುಮಾರು 34 ಅಡಿಗೆ ಏರಿಸಲಾಯಿತು. ಜನರು ಅದನ್ನು ಹಗೆಯ ಬೇಲಿಯೆಂದು ಕರೆದರು. ಮೊದಲು ಪೈಪೋಟಿ ನೀಡಿ ಕೊನೆಗೆ ನಾಲ್ಕನೆಯ ಸ್ಥಾನದಲ್ಲಿ ನಿಲ್ಲುವ ತಂಡವೇ ಒಡೆಯನಿಗೆ ಲಾಭದಾಯಕ, ಏಕೆಂದರೆ ಪ್ರೇಕ್ಷಕರೂ ಬರುತ್ತಾರೆ, ಸಂಬಳವನ್ನೂ ಏರಿಸಬೇಕಾಗಿಲ್ಲ ಎಂಬ ಅಭಿಪ್ರಾಯ ಮ್ಯಾಕ್ ಅವರದೆಂದು ಪ್ರಚಲಿತವಾಗಿ, ಜಿಪುಣತನದ ಆರೋಪಕ್ಕೆ ಪುಷ್ಟಿ ಕೊಟ್ಟಿತು.

ಇನ್ನೊಂದು ಪಕ್ಷವನ್ನೂ ಇಲ್ಲಿ ಗಮನಿಸಬೇಕು. ಯಾಂಕೀಸ್ ತಂಡದ ಹಿಂದೆ ಬಿಯರ್ ತಯಾರಿಕೆಯ ಹಣವಿತ್ತು. ಷಿಕಾಗೊ ಕಬ್ಸ್ ಹಿಂದೆ ಚೂಯಿಂಗ್ ಗಮ್ಮಿನ ಹಣವಿತ್ತು. 1933ರಲ್ಲಿ ರೆಡ್ ಸಾಕ್ಸ್ ತಂಡವನ್ನು ಕೊಂಡ ಟಾಮ್ ಯಾಕಿ ಪಿತ್ರಾರ್ಜಿತ ಸಂಪತ್ತಿನ ವಾರಸುದಾರರು. ಮ್ಯಾಕ್ ಅವರಿಗೆ ಬೇಸ್‌ಬಾಲ್ ಬಿಟ್ಟು ಬೇರೆ ಉದ್ಯಮವಿರಲಿಲ್ಲ. ದ್ವಾರದಲ್ಲಿ ಸಂಗ್ರಹವಾದ ಟಿಕೆಟ್ ಹಣದಿಂದಲೇ ಸಂಬಳ, ಸಾಲ, ಮನೆತನದ ಖರ್ಚು ಎಲ್ಲವೂ ನಡೆಯಬೇಕಾಗಿತ್ತು. ತಂಡ ಸೋತರೆ ಜನ ಬರುತ್ತಿರಲಿಲ್ಲ. ಜನ ಬಾರದಿದ್ದರೆ ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳಲಾಗುತ್ತಿರಲಿಲ್ಲ. ಅಭಿಮಾನಿಯ ಪ್ರತಿಭಟನೆಯೂ ಒಡೆಯನ ಮಾರಾಟವೂ ಒಂದನ್ನೊಂದು ಬೆಳೆಸಿದವು.

ಆದರೂ ಕೆಲವು ತಪ್ಪುಗಳಿಗೆ ಹಣದ ಅಭಾವ ಸಮರ್ಥನೆಯಾಗಲಾರದು. ಇತರ ತಂಡಗಳು ಎಳೆಯ ಆಟಗಾರರನ್ನು ತರಬೇತುಗೊಳಿಸುವ ಕಿರಿಯ ತಂಡಗಳ ಜಾಲವನ್ನು ಕಟ್ಟಿಕೊಂಡಾಗ ಅಥ್ಲೆಟಿಕ್ಸ್ ಹಿಂದುಳಿಯಿತು. 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಪ್ರವೇಶದಿಂದ ಮೇಜರ್ ಲೀಗ್ ಕಪ್ಪು ಆಟಗಾರರಿಗೆ ತೆರೆದುಕೊಂಡರೂ ಅಥ್ಲೆಟಿಕ್ಸ್ ಪರವಾಗಿ ಮೊದಲ ಕಪ್ಪು ಆಟಗಾರ ಬಾಬ್ ಟ್ರೈಸ್ ಕಣಕ್ಕಿಳಿದದ್ದು 1953ರಲ್ಲಿ, ಮ್ಯಾಕ್ ನಿವೃತ್ತರಾದ ಮೇಲೆ. ದೊಡ್ಡ ಸಂಖ್ಯೆಯ ಕಪ್ಪು ಜನರು ವಾಸಿಸುತ್ತಿದ್ದ ನಗರದಲ್ಲಿ ಇದು ಸಣ್ಣ ನಷ್ಟವಾಗಿರಲಿಲ್ಲ.

ಕೊನೆಯ ವರ್ಷಗಳು

1937ರಲ್ಲಿ ಮ್ಯಾಕ್ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. 1943ರಲ್ಲಿ ಅವರ ತಂಡ ಮತ್ತೊಮ್ಮೆ ಸತತ 20 ಪಂದ್ಯಗಳನ್ನು ಸೋತಿತು. ವಯಸ್ಸು ಎಂಬತ್ತು ದಾಟಿದ ಮೇಲೆ ಅವರ ನೆನಪು ಕುಂದತೊಡಗಿ, ಮೈದಾನದ ಅನೇಕ ತೀರ್ಮಾನಗಳನ್ನು ಸಹಾಯಕರು ಸದ್ದಿಲ್ಲದೆ ನಿಭಾಯಿಸಬೇಕಾಯಿತು. 1948ರಲ್ಲಿ ತಂಡ 84 ಪಂದ್ಯಗಳನ್ನು ಗೆದ್ದು ನಾಲ್ಕನೆಯ ಸ್ಥಾನಕ್ಕೇರಿದಾಗ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರು ಬಂದರು. ಗೆಲುವಿನ ಭರವಸೆ ಮೂಡಿದರೆ ಜನ ಮರಳಿ ಬರುತ್ತಾರೆಂಬುದಕ್ಕೆ ಇದು ಸಾಕ್ಷಿ.

1950 ಮ್ಯಾಕ್ ಅವರ ಸುವರ್ಣ ಮಹೋತ್ಸವದ ವರ್ಷ. ಆ ಋತುವಿನಲ್ಲಿ ಅಥ್ಲೆಟಿಕ್ಸ್ 102 ಪಂದ್ಯಗಳನ್ನು ಸೋತು ಕೊನೆಯ ಸ್ಥಾನಕ್ಕಿಳಿಯಿತು. ಅದೇ ಕ್ರೀಡಾಂಗಣದಲ್ಲಿ ಬಾಡಿಗೆದಾರರಾಗಿ ಆಡುತ್ತಿದ್ದ ನಗರದ ಇನ್ನೊಂದು ತಂಡ ಫಿಲೀಸ್, ಹಣವಂತ ಒಡೆಯರ ಬೆಂಬಲದಿಂದ ಆ ವರ್ಷ ನ್ಯಾಷನಲ್ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಮೊದಲ ಹೆಂಡತಿಯ ಮಕ್ಕಳಾದ ರಾಯ್ ಮತ್ತು ಅರ್ಲ್ ಒಂದು ಕಡೆ, ಎರಡನೆಯ ಹೆಂಡತಿಯ ಮಗ ಕಾನಿ ಜೂನಿಯರ್ ಹಾಗೂ ಶೈಬ್ ವಾರಸುದಾರರು ಇನ್ನೊಂದು ಕಡೆಯಾಗಿ ಕುಟುಂಬದಲ್ಲಿ ಬಿರುಕು ಮೂಡಿತ್ತು. ರಾಯ್ ಮತ್ತು ಅರ್ಲ್ ಕ್ರೀಡಾಂಗಣವನ್ನು ಅಡಮಾನವಿಟ್ಟು ದೊಡ್ಡ ಸಾಲ ತಂದು ಉಳಿದವರ ಪಾಲನ್ನು ಕೊಂಡರು. ಅಕ್ಟೋಬರ್‌ನಲ್ಲಿ, 87ನೆಯ ವಯಸ್ಸಿನಲ್ಲಿ, ಮ್ಯಾಕ್ ವ್ಯವಸ್ಥಾಪಕ ಹುದ್ದೆಯಿಂದ ನಿವೃತ್ತರಾದರು.

ಸಾಲದ ಹೊರೆ ಮುಂದಿನ ನಾಲ್ಕು ವರ್ಷಗಳಲ್ಲಿ ಸಂಸ್ಥೆಯನ್ನು ಮುಳುಗಿಸಿತು. 1953ರಲ್ಲಿ ಕ್ರೀಡಾಂಗಣಕ್ಕೆ ಕಾನಿ ಮ್ಯಾಕ್ ಅವರ ಹೆಸರಿಡಲಾಯಿತು. 1954ರಲ್ಲಿ ತಂಡವನ್ನು ಊರಿನಲ್ಲಿ ಉಳಿಸಿಕೊಳ್ಳಲು ಅಭಿಯಾನ ನಡೆಯಿತಾದರೂ ಆ ಋತುವಿನಲ್ಲಿ ಬಂದ ಪ್ರೇಕ್ಷಕರು ಮೂರು ಲಕ್ಷದಷ್ಟು ಮಾತ್ರ. ನವೆಂಬರ್‌ನಲ್ಲಿ ಷಿಕಾಗೊದ ವ್ಯಾಪಾರಿ ಆರ್ನಲ್ಡ್ ಜಾನ್‌ಸನ್ ತಂಡವನ್ನು ಕೊಂಡು ಕ್ಯಾನ್ಸಸ್ ಸಿಟಿಗೆ ಸ್ಥಳಾಂತರಿಸಿದರು. ಹದಿನೈದು ತಿಂಗಳ ಬಳಿಕ, 93ನೆಯ ವಯಸ್ಸಿನಲ್ಲಿ, ಮ್ಯಾಕ್ ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಪರಂಪರೆ

ವ್ಯವಸ್ಥಾಪಕರಾಗಿ ಮ್ಯಾಕ್ ಅವರ ಗೆಲುವಿನ ದಾಖಲೆಯನ್ನು ಯಾರೂ ಮುರಿದಿಲ್ಲ. ಅವರ ಹೆಸರು ಹೊತ್ತಿದ್ದ ಕ್ರೀಡಾಂಗಣವನ್ನು 1976ರಲ್ಲಿ ಕೆಡವಲಾಯಿತು. ಅಥ್ಲೆಟಿಕ್ಸ್ ತಂಡ 1968ರಲ್ಲಿ ಕ್ಯಾನ್ಸಸ್ ಸಿಟಿಯಿಂದ ಓಕ್ಲೆಂಡಿಗೆ ಹೋಯಿತು. ಅಲ್ಲಿಯೂ ಒಡೆತನದ ಮೇಲಿನ ಅಸಮಾಧಾನ ಮರುಕಳಿಸಿತು. 2023ರ ಜೂನ್ 13ರಂದು ಅಲ್ಲಿನ ಅಭಿಮಾನಿಗಳು ಮನೆಯಲ್ಲಿ ಉಳಿಯುವ ಬದಲು 27,000ಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ಕ್ರೀಡಾಂಗಣವನ್ನು ತುಂಬಿ, ತಂಡವನ್ನು ಮಾರಿಬಿಡುವಂತೆ ಒಡೆಯರನ್ನು ಒತ್ತಾಯಿಸಿದರು. ಖಾಲಿ ಆಸನಗಳಿಂದ ತಂಡದ ಮೇಲೆ ಪ್ರೀತಿ ಇಲ್ಲವೆಂಬ ತಪ್ಪು ಅರ್ಥ ಹೊರಡುತ್ತದೆಂಬುದು ಅವರ ವಾದವಾಗಿತ್ತು. ಆದರೂ 2024ರ ಋತುವಿನ ನಂತರ ತಂಡ ಓಕ್ಲೆಂಡನ್ನು ತೊರೆಯಿತು. ಮ್ಯಾಕ್ ಸ್ವೀಕರಿಸಿದ ಬಿಳಿಯಾನೆಯ ಲಾಂಛನ ಇಂದಿಗೂ ತಂಡದೊಡನೆ ಉಳಿದುಬಂದಿದೆ.