ಒಂದೊಂದೇ ಅಕ್ಕಿಕಾಳು: ವಿನೋಬಾ ಅವರ ಗೀತಾಭ್ಯಾಸ

ಆಚಾರ್ಯ ವಿನೋಬಾ ಭಾವೆ ಎಂದೊಡನೆ ನಮಗೆ ನೆನಪಾಗುವುದು ಭೂದಾನ ಚಳವಳಿ. ಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಅವರಿಗೆ ಸಿಗುವುದು ಒಂದೆರಡು ಸಾಲು. ಆದರೆ ಊರೂರು ನಡೆದ ಆ ಮನುಷ್ಯ ಅದಕ್ಕೂ ಮೊದಲು ಒಬ್ಬ ಓದುಗರಾಗಿದ್ದರು, ಓದಿದ್ದನ್ನು ಇನ್ನೊಬ್ಬರಿಗೆ ಕಲಿಸುವ ಶಿಕ್ಷಕರಾಗಿದ್ದರು. ಭಗವದ್ಗೀತೆಯಲ್ಲಿರುವುದು 18 ಅಧ್ಯಾಯ, 700 ಶ್ಲೋಕ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದಾದ ಈ ಪುಸ್ತಕದೊಡನೆ ಅವರು ಇಡೀ ಜೀವನ ಕಳೆದರು. ಇಷ್ಟು ಚಿಕ್ಕ ಪುಸ್ತಕಕ್ಕೆ ಅಷ್ಟು ದೀರ್ಘ ಕಾಲ ಏಕೆ ಬೇಕಾಯಿತು ಎಂಬುದನ್ನು ಶಿಕ್ಷಕರಾಗಲು ಹೊರಟಿರುವ ನಾವು ವಿಚಾರ ಮಾಡಬೇಕು ಅನ್ನಿಸಿ ಈ ಜೀವನಕಥೆಯನ್ನು ಬರೆದಿದ್ದೇನೆ.

ವಿನಾಯಕ ನರಹರಿ ಭಾವೆ ಹುಟ್ಟಿದ್ದು 1895ರ ಸೆಪ್ಟೆಂಬರ್ 11ರಂದು, ಮಹಾರಾಷ್ಟ್ರದ ಕೊಂಕಣ ಸೀಮೆಯ ಗಾಗೋದೆ ಎಂಬ ಹಳ್ಳಿಯಲ್ಲಿ. ತಂದೆ ನರಹರಿರಾಯರು ಬರೋಡಾದಲ್ಲಿ ಕೆಲಸದಲ್ಲಿದ್ದರು. ಅವರದು ವೈಜ್ಞಾನಿಕ ಮನೋಭಾವ, ಎಲ್ಲದರಲ್ಲೂ ಅಳತೆ ಮತ್ತು ಲೆಕ್ಕ. ತಾಯಿ ರುಕ್ಮಿಣೀಬಾಯಿ ಕರ್ನಾಟಕ ಮೂಲದವರು. ಹೆಚ್ಚು ಓದಿದವರಲ್ಲ, ಆದರೆ ಭಕ್ತಿಯ ಹಾಡುಗಳು ಬಾಯಲ್ಲೇ ಇದ್ದವು. ಮಗನಿಗೆ ಇಬ್ಬರ ಗುಣವೂ ಬಂತು. ಶಾಲೆಯಲ್ಲಿ ಅವನ ಇಷ್ಟದ ವಿಷಯ ಗಣಿತ. ದೇವರನ್ನು ಬಿಟ್ಟರೆ ತಮಗೆ ಅತ್ಯಂತ ಪ್ರಿಯವಾದದ್ದು ಗಣಿತವೇ ಎಂದು ವಿನೋಬಾ ಮುಂದೆಯೂ ಹೇಳುತ್ತಿದ್ದರು.

ಅವರ ಬಾಲ್ಯದ ಒಂದು ಘಟನೆ ಗಣಿತ ಬೋಧಿಸುವವರಿಗೆ ವಿಶೇಷವಾಗಿ ಹಿಡಿಸುವಂಥದ್ದು. ತಾಯಿ ದೇವರಿಗೆ ಒಂದು ಲಕ್ಷ ಅಕ್ಕಿಕಾಳು ಅರ್ಪಿಸುವ ವ್ರತ ಹಿಡಿದಿದ್ದರು. ದಿನವೂ ಕುಳಿತು ಒಂದೊಂದೇ ಕಾಳನ್ನು ಎಣಿಸಿ ಇಡುತ್ತಿದ್ದರು. ಇದನ್ನು ನೋಡಿದ ತಂದೆ ಒಂದು ಸುಲಭ ಉಪಾಯ ಸೂಚಿಸಿದರು. ಒಂದು ತೊಲ ಅಕ್ಕಿಯಲ್ಲಿ ಎಷ್ಟು ಕಾಳು ಇದೆ ಎಂದು ಒಮ್ಮೆ ಎಣಿಸಿದರೆ ಸಾಕು, ಲಕ್ಷ ಕಾಳಿಗೆ ಎಷ್ಟು ತೂಕವೆಂದು ಲೆಕ್ಕ ಹಾಕಬಹುದು. ಕಡಿಮೆಯಾದೀತೆಂಬ ಅನುಮಾನವಿದ್ದರೆ ಸ್ವಲ್ಪ ಹೆಚ್ಚಿಗೆ ಸೇರಿಸಬಹುದು. ಗಣಿತದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ತಾಯಿಗೆ ಉತ್ತರ ತೋಚಲಿಲ್ಲ, ಸಂಜೆ ಮಗನನ್ನು ಕೇಳಿದರು. ಇದು ಬರಿಯ ಲೆಕ್ಕದ ವಿಷಯವಲ್ಲ, ಒಂದೊಂದು ಕಾಳು ಎತ್ತಿಡುವಾಗಲೂ ಮನಸ್ಸು ದೇವರಲ್ಲಿ ನಿಲ್ಲುತ್ತದೆ, ಆದ್ದರಿಂದ ಎಣಿಸುವುದೇ ಸರಿ ಎಂದು ಮಗ ಹೇಳಿದ. ತಾಯಿಗೆ ಸಮಾಧಾನವಾಯಿತು. ತೂಕ ಮಾಡಿದ್ದರೂ ಲಕ್ಷ ಕಾಳು ದೇವರಿಗೆ ಸಲ್ಲುತ್ತಿತ್ತು, ಆದರೆ ಎಣಿಸುವವರಲ್ಲಿ ಯಾವ ಬದಲಾವಣೆಯೂ ಆಗುತ್ತಿರಲಿಲ್ಲ. ವಿನೋಬಾ ಮುಂದೆ ಗೀತೆಯನ್ನು ಓದಿದ ರೀತಿಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಘಟನೆ ಸಾಕು.

ಗೀತೆಯ ಕಡೆಗೆ ಅವರನ್ನು ತಿರುಗಿಸಿದವರೂ ತಾಯಿಯೇ. ಬರೋಡಾದಲ್ಲಿ ಗೀತೆಯ ಪ್ರವಚನ ಕೇಳಲು ಹೋದ ಅವರಿಗೆ ಸಂಸ್ಕೃತ ಅರ್ಥವಾಗಲಿಲ್ಲ. ಮರಾಠಿಯಲ್ಲಿರುವ ಗೀತೆಯನ್ನು ತಂದುಕೊಡುವಂತೆ ಮಗನನ್ನು ಕೇಳಿದರು. ಮಗ ಗದ್ಯಾನುವಾದ ತಂದಾಗ ಪದ್ಯದಲ್ಲಿದ್ದರೆ ಚೆನ್ನ ಎಂದರು. ಪದ್ಯಾನುವಾದ ತಂದಾಗ ಅದರ ಮರಾಠಿಯೂ ಕಠಿಣವೆನಿಸಿತು. ಬೇರೆ ಸುಲಭವಾದದ್ದು ಇಲ್ಲವೆಂದು ಮಗ ಹೇಳಿದಾಗ, ಹಾಗಾದರೆ ನೀನೇ ಏಕೆ ಮಾಡಬಾರದು ಎಂದು ಕೇಳಿಬಿಟ್ಟರು. ವಿನೋಬಾಗೆ ಆಗ ಸುಮಾರು 20 ವರ್ಷ. ಸಂಸ್ಕೃತದ ಅಭ್ಯಾಸ ಇನ್ನೂ ಆಗಬೇಕಿತ್ತು. ಕಲಿಯುವವರು ಕೇಳಿದ ಪ್ರಶ್ನೆ ಕಲಿಸುವವರ ಬದುಕಿನ ದಿಕ್ಕನ್ನೇ ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1916ರ ಮಾರ್ಚ್‌ನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆಯಲು ಮುಂಬಯಿಗೆ ಹೊರಟ ವಿನೋಬಾ ದಾರಿಯಲ್ಲಿ ಸೂರತ್‌ನಲ್ಲಿ ಇಳಿದು ಕಾಶಿಯ ರೈಲು ಹತ್ತಿದರು. ಅದಕ್ಕೂ ಮೊದಲೇ ತಮ್ಮ ಪ್ರಮಾಣಪತ್ರಗಳನ್ನು ತಾಯಿಯ ಒಲೆಗೆ ಹಾಕಿ ಸುಟ್ಟಿದ್ದರು. ಪದವಿ ಪಡೆಯಲು ಕಾಲೇಜಿನಲ್ಲಿರುವ ನಮಗೆ ಇದನ್ನು ಓದಿದಾಗ ಮುಜುಗರವಾಗುವುದು ಸಹಜ. ಆದರೆ ಅವರು ಬಿಟ್ಟದ್ದು ಪರೀಕ್ಷೆಯನ್ನು, ಓದನ್ನಲ್ಲ. ಕಾಶಿಯಲ್ಲಿ ಸಂಸ್ಕೃತ ಕಲಿತರು. ಅಲ್ಲಿ ಗಾಂಧೀಜಿ ಮಾಡಿದ್ದ ಭಾಷಣದ ವರದಿ ಓದಿ ಅವರಿಗೆ ಪತ್ರ ಬರೆದರು. ಅದೇ ವರ್ಷ ಜೂನ್ 7ರಂದು ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ ಅವರನ್ನು ಭೇಟಿಯಾಗಿ ಅಲ್ಲಿಯೇ ನಿಂತರು.

ಆಶ್ರಮದಲ್ಲಿ ನೂಲು, ನೇಯ್ಗೆ, ಅಡುಗೆ, ಕಕ್ಕಸು ಶುಚಿ ಮಾಡುವುದು ಎಲ್ಲವೂ ದಿನಚರಿಯ ಭಾಗ. ಓದಿಗೆ ಬೇರೆ ಬಿಡುವು ಇರಲಿಲ್ಲ. ಕೆಲಸದ ನಡುವೆಯೇ ಓದು. ಮುಂದೆ ಒಂದು ವರ್ಷದ ರಜೆ ಕೇಳಿ ಸಾತಾರಾ ಸೀಮೆಯ ವಾಯಿ ಎಂಬ ಊರಿಗೆ ಹೋದರು. ಅಲ್ಲಿ ನಾರಾಯಣಶಾಸ್ತ್ರಿ ಮರಾಠೆಯವರ ಬಳಿ ಉಪನಿಷತ್ತು, ಶಾಂಕರಭಾಷ್ಯ ಸಹಿತ ಬ್ರಹ್ಮಸೂತ್ರ, ಪತಂಜಲಿಯ ಯೋಗದರ್ಶನ ಅಭ್ಯಾಸ ಮಾಡಿದರು. ತಾವು ಕಲಿಯುತ್ತಿರುವಾಗಲೇ ಅಲ್ಲಿನ ಕೆಲವರಿಗೆ ಗೀತೆಯನ್ನು ಉಚಿತವಾಗಿ ಕಲಿಸಿದರು. ಕಲಿತು ಮುಗಿದ ಮೇಲೆ ಕಲಿಸೋಣ ಎಂದು ಅವರು ಕಾಯಲಿಲ್ಲ. ಕಲಿಸಲು ಹೊರಟಾಗಲೇ ನಮಗೆ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಬೋಧನಾಭ್ಯಾಸಕ್ಕೆ ಹೋಗಿ ಬಂದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

1918ರಲ್ಲಿ ತಾಯಿ ತೀರಿಕೊಂಡರು. ಅವರು ಕೇಳಿದ್ದ ಮರಾಠಿ ಗೀತೆ ಆಗ ಇನ್ನೂ ಆಗಿರಲಿಲ್ಲ. 1921ರಿಂದ ವಿನೋಬಾ ವಾರ್ಧಾ ಆಶ್ರಮದ ಹೊಣೆ ಹೊತ್ತರು. ಅನುವಾದಕ್ಕೆ ಕೈಹಾಕಿದ್ದು 1930ರ ಅಕ್ಟೋಬರ್ 7ರಂದು, ಮುಗಿಸಿದ್ದು 1931ರ ಫೆಬ್ರುವರಿ 6ರಂದು. ಲೆಕ್ಕ ಹಾಕಿದರೆ 123 ದಿನ, ದಿನಕ್ಕೆ ಸರಾಸರಿ ಐದಾರು ಶ್ಲೋಕ. ಆದರೆ ಈ ನಾಲ್ಕು ತಿಂಗಳ ಬರವಣಿಗೆಯ ಹಿಂದೆ ಸುಮಾರು 15 ವರ್ಷಗಳ ನಿತ್ಯದ ಓದು ಇತ್ತು. ಸಾಮಾನ್ಯ ಮರಾಠಿ ಬಲ್ಲವರೂ ಹಾಡಿಕೊಳ್ಳಬಹುದಾದ ಆ ಕೃತಿಗೆ ಅವರು ಇಟ್ಟ ಹೆಸರು ಗೀತಾಈ. ಮರಾಠಿಯಲ್ಲಿ ಆಈ ಎಂದರೆ ತಾಯಿ. ಕೇಳಿದವರು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಮಾತ್ರ ಸಿದ್ಧವಾಗಿತ್ತು.

1932ರಲ್ಲಿ ಕಾನೂನುಭಂಗ ಚಳವಳಿಗಾಗಿ ವಿನೋಬಾ ಧುಳೆ ಜೈಲು ಸೇರಿದರು. ಅಲ್ಲಿನ ಕೈದಿಗಳು ಗೀತೆಯ ಬಗ್ಗೆ ಹೇಳಬೇಕೆಂದು ಕೇಳಿಕೊಂಡರು. ಫೆಬ್ರುವರಿ 21ರಿಂದ ಜೂನ್ 19ರವರೆಗೆ 18 ಭಾನುವಾರ, ವಾರಕ್ಕೊಂದು ಅಧ್ಯಾಯದಂತೆ ಮರಾಠಿಯಲ್ಲಿ ಮಾತನಾಡಿದರು. ಕೇಳುಗರೆಲ್ಲರೂ ಪಂಡಿತರಲ್ಲ. ಆದ್ದರಿಂದ ವ್ಯಾಕರಣದ ಚರ್ಚೆ, ಮತಗಳ ವಾದ ಬದಿಗಿಟ್ಟು ಮನೆ, ಹೊಲ, ಅಡುಗೆ, ತಾಯಿ, ಮಗುವಿನ ಉದಾಹರಣೆಗಳಿಂದ ವಿಷಯಕ್ಕೆ ಬಂದರು. ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಹೋಗಬೇಕೆಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಅದೇ ಕ್ರಮ. ಅದೇ ಜೈಲಿನಲ್ಲಿದ್ದ ಸಾನೆ ಗುರೂಜಿ ಇದೆಲ್ಲವನ್ನೂ ಬರೆದುಕೊಂಡರು. ಅಮಳನೇರ್‌ನ ಶಾಲೆಯಲ್ಲಿ ಶಿಕ್ಷಕರಾಗಿದ್ದ ಅವರು ಚಳವಳಿಗಾಗಿ ಕೆಲಸ ಬಿಟ್ಟು ಬಂದಿದ್ದವರು. ಒಬ್ಬ ಶಿಕ್ಷಕ ಶ್ರದ್ಧೆಯಿಂದ ಟಿಪ್ಪಣಿ ಮಾಡಿಕೊಂಡದ್ದರಿಂದಲೇ ಗೀತಾ ಪ್ರವಚನ ಎಂಬ ಪುಸ್ತಕ ನಮಗೆ ಉಳಿಯಿತು. ಕನ್ನಡವೂ ಸೇರಿ ಅನೇಕ ಭಾಷೆಗಳಿಗೆ ಅದು ಅನುವಾದವಾಗಿದೆ.

ಆ ಪ್ರವಚನಗಳಲ್ಲಿ ಒಂದು ವಿಚಾರ ಮುಖ್ಯವಾದದ್ದು. ನಾಲ್ಕನೆಯ ಅಧ್ಯಾಯದಲ್ಲಿ ಕರ್ಮ, ವಿಕರ್ಮ, ಅಕರ್ಮ ಎಂಬ ಮೂರು ಪದಗಳು ಬರುತ್ತವೆ. ವಿಕರ್ಮವೆಂದರೆ ನಿಷಿದ್ಧವಾದ ಕರ್ಮ ಎಂಬುದು ರೂಢಿಯ ಅರ್ಥ. ವಿನೋಬಾ ಅದನ್ನು ವಿಶೇಷ ಕರ್ಮ ಎಂದು, ಅಂದರೆ ಹೊರಗಿನ ಕೆಲಸದ ಜೊತೆಗೆ ಒಳಗೆ ಮನಸ್ಸು ಮಾಡುವ ಕೆಲಸ ಎಂದು ಅರ್ಥ ಮಾಡಿದರು. ಇವೆರಡೂ ಕೂಡಿದಾಗ ಕೆಲಸದ ಭಾರ ಇಳಿಯುತ್ತದೆ, ಮಾಡಿಯೂ ಮಾಡದಂತಾಗುತ್ತದೆ, ಅದೇ ಅಕರ್ಮ. ಮನಸ್ಸು ಕೂಡದಿದ್ದರೆ ಕೆಲಸ ಬರಿಯ ಹೊರೆ. ಅಕ್ಕಿಕಾಳು ಎಣಿಸುತ್ತಿದ್ದ ತಾಯಿ ಈ ಪದಗಳನ್ನು ಬಳಸಿರಲಿಲ್ಲ, ಆದರೆ ಆಕೆ ಮಾಡುತ್ತಿದ್ದುದು ಇದನ್ನೇ.

ಅವರ ಓದು ಒಂದೇ ಗ್ರಂಥಕ್ಕೆ, ಒಂದೇ ಭಾಷೆಗೆ ನಿಲ್ಲಲಿಲ್ಲ. 1942ರ ಚಳವಳಿಯ ಕಾಲದಲ್ಲಿ ವೆಲ್ಲೂರು ಜೈಲಿನಲ್ಲಿದ್ದಾಗ ತಮಿಳು, ತೆಲುಗು, ಕನ್ನಡ, ಮಲಯಾಳಂ ನಾಲ್ಕನ್ನೂ ಒಟ್ಟಿಗೆ ಕಲಿಯತೊಡಗಿದರು. ಅರಬಿ ಕಲಿತು ಕುರಾನ್ ಓದಿದರು, ಅದರ ಸಾರಸಂಗ್ರಹ ಸಿದ್ಧಪಡಿಸಿದರು. ಕ್ರೈಸ್ತ ಗ್ರಂಥ, ಧಮ್ಮಪದ, ಸಿಖ್ಖರ ಜಪುಜಿ ಎಲ್ಲವೂ ಅವರ ಅಭ್ಯಾಸದಲ್ಲಿದ್ದವು. ಗೀತೆಯ ಮೇಲಿನ ಪ್ರೀತಿ ಬೇರೆ ಗ್ರಂಥಗಳನ್ನು ಗೌರವದಿಂದ ತೆರೆಯುವುದನ್ನೇ ಅವರಿಗೆ ಕಲಿಸಿತು.

ಈ ಓದಿನ ದೊಡ್ಡ ಪರೀಕ್ಷೆ 1951ರ ಏಪ್ರಿಲ್ 18ರಂದು ಎದುರಾಯಿತು. ತೆಲಂಗಾಣದ ಪೋಚಂಪಳ್ಳಿಯಲ್ಲಿ 40 ದಲಿತ ಕುಟುಂಬಗಳು 80 ಎಕರೆ ಭೂಮಿ ಬೇಕೆಂದವು. ಊರವರನ್ನು ಕೇಳಿದಾಗ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡಲು ಮುಂದೆ ಬಂದರು. ಅಲ್ಲಿಂದ 13 ವರ್ಷ ವಿನೋಬಾ ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ನಡೆದ ಗ್ರಾಮದಾನ ಸಮಾವೇಶಕ್ಕೆ ಪ್ರಧಾನಿ ನೆಹರೂ ಕೂಡ ಬಂದಿದ್ದರು. ದಾನವಾಗಿ ಬಂದ ಭೂಮಿಯಲ್ಲಿ ಬಹಳಷ್ಟು ಬಂಜರು ಅಥವಾ ವ್ಯಾಜ್ಯದ್ದಾಗಿತ್ತು, ಹಂಚಿಕೆ ಪೂರ್ತಿಯಾಗಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ತಳೆದ ನಿಲುವು ಟೀಕೆಗೆ ಗುರಿಯಾಯಿತು. ನಿತ್ಯದ ಓದು ಮನುಷ್ಯನನ್ನು ಟೀಕೆಗೆ ಅತೀತನನ್ನಾಗಿ ಮಾಡುವುದಿಲ್ಲ ಎಂಬುದನ್ನೂ ಈ ಜೀವನ ತೋರಿಸುತ್ತದೆ. 1982ರ ನವೆಂಬರ್ 15ರಂದು ಪವನಾರ್ ಆಶ್ರಮದಲ್ಲಿ, ಆಹಾರ ಔಷಧ ತ್ಯಜಿಸಿ, ಅವರು ದೇಹ ಬಿಟ್ಟರು.

ಪ್ರಶಿಕ್ಷಣಾರ್ಥಿಗಳಾದ ನಾವು ಇದರಿಂದ ತೆಗೆದುಕೊಳ್ಳಬಹುದಾದದ್ದು ಏನು? ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ, ಅಲ್ಲಿ ನಮ್ಮ ಕೆಲಸ ಪಠ್ಯವಿಷಯವನ್ನು ಕಲಿಸುವುದು. ಗ್ರಂಥದ ಓದು ನಮ್ಮ ಸ್ವಂತ ಬೆಳವಣಿಗೆಗಾಗಿ. ಯಾವ ಗ್ರಂಥ ಎಂಬುದು ಅವರವರ ಆಯ್ಕೆ. ವಿನೋಬಾರ ಅಭ್ಯಾಸಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಅರ್ಥವಾಗುವ ಭಾಷೆಯಲ್ಲಿ ಓದುವುದು, ಸ್ವಲ್ಪವೇ ಓದುವುದು, ದಿನವೂ ಓದುವುದು, ಓದಿದ್ದನ್ನು ಅಂದಿನ ಕೆಲಸದಲ್ಲಿ ಹಚ್ಚಿ ನೋಡುವುದು, ಕೇಳಿದವರಿಗೆ ಹೇಳಿಕೊಡುವುದು. ದಿನಕ್ಕೆ ಎರಡು ಶ್ಲೋಕವಾದರೆ 700 ಶ್ಲೋಕಕ್ಕೆ 350 ದಿನ. ವರ್ಷದೊಳಗೆ ಒಂದು ಸುತ್ತು ಮುಗಿಯುತ್ತದೆ.

ಆದರೆ ಮುಗಿಯುವುದೇ ಗುರಿಯಾದರೆ ನಾವು ಅಕ್ಕಿಯನ್ನು ತೂಕಕ್ಕೆ ಹಾಕಿದಂತೆ. ಶಾಲೆಯಲ್ಲೂ ಈ ತಕ್ಕಡಿ ನಮ್ಮ ಕೈಯಲ್ಲೇ ಇದೆ: ಘಟಕ ಮುಗಿಯಿತು, ಪಾಠಗಳ ಸಂಖ್ಯೆ ತುಂಬಿತು, ದಾಖಲೆ ಪುಸ್ತಕಕ್ಕೆ ಸಹಿ ಬಿತ್ತು. ಅವೂ ಬೇಕು. ಆದರೆ ತರಗತಿಯಲ್ಲಿ 40 ಮಕ್ಕಳಿದ್ದರೆ ಹಾಜರಿ ಕೂಗುವಾಗ ಹೆಸರುಗಳೂ 40. ಒಂದು ಹೆಸರು ಕೂಗಿ ಆ ಮಗುವಿನ ಮುಖ ನೋಡುವಷ್ಟು ಹೊತ್ತು ನಿಂತರೆ ಪಾಠದ ಅವಧಿಯಲ್ಲಿ ಎರಡು ಮೂರು ನಿಮಿಷ ಹೋಗಬಹುದು. ವಿನೋಬಾರ ತಾಯಿ ಎಣಿಕೆಗೆ ಕೊಟ್ಟದ್ದು ಅಂಥ ಸಮಯವನ್ನೇ.