ಶಾಲೆಯಿಂದ ನೌಕರಿಯವರೆಗೆ: ಕುದ್ಮುಲ್ ರಂಗರಾಯರು

ಮಂಗಳೂರಿನ ಸಮಾಜ ಸೇವೆಯ ಇತಿಹಾಸದಲ್ಲಿ ಕುದ್ಮುಲ್ ರಂಗರಾಯರ ಹೆಸರು ಚಿರಸ್ಥಾಯಿ. 1859ರಲ್ಲಿ ಕಾಸರಗೋಡಿನ ಕುದ್ಮುಲ್‌ನ ಸಾರಸ್ವತ ಕುಟುಂಬದಲ್ಲಿ ಜನಿಸಿದ ಅವರು ಮಂಗಳೂರಿಗೆ ಬಂದು, ಮೊದಲು ಶಿಕ್ಷಕರಾಗಿ ನಂತರ ವಕೀಲರಾಗಿ ದುಡಿದರು.

ಆ ದಿನಗಳಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ದಲಿತ ಯುವಕನೊಬ್ಬನಿಗೆ ಜವಾನನ ಕೆಲಸ ಸಿಕ್ಕಿದ್ದನ್ನೇ ಮೇಲ್ಜಾತಿಯವರು ಸಹಿಸಲಿಲ್ಲ. ಓದಿದವನಿಗೂ ನೌಕರಿಯ ಬಾಗಿಲು ಮುಚ್ಚಿದೆ ಎಂಬುದನ್ನು ರಂಗರಾಯರು ಕಣ್ಣಾರೆ ಕಂಡರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕರಿಸಿದರೂ ಹಿಂಜರಿಯಲಿಲ್ಲ.

ಮಗು ಶಾಲೆಗೆ ಹೋದರೆ ಬಡವನ ಮನೆಗೆ ಅಂದಿನ ದುಡಿಮೆ ತಪ್ಪುತ್ತದೆ. ಇದನ್ನರಿತ ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟದ ಜೊತೆಗೆ ದಿನಕ್ಕೆ ಎರಡು ಪೈಸೆ ಕೊಡಿಸಿದರು. ಶೇಡಿಗುಡ್ಡೆಯಲ್ಲಿ ನೇಯ್ಗೆ, ಮರಗೆಲಸ ಕಲಿಸಿದರು. ಊಟ, ಓದು, ಕಸುಬು ಇವು ಮೂರೂ ಒಂದಕ್ಕೊಂದು ಕೂಡಿದಾಗಲೇ ಬದುಕು ನೆಲೆ ಕಾಣುತ್ತದೆ ಎಂಬುದನ್ನು ಅವರು ಅರಿತಿದ್ದರು.

ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಮನೆಯೇ ಸಾಕ್ಷಿ. ಮಗಳು ರಾಧಾಬಾಯಿ ಮದ್ರಾಸಿನಲ್ಲೂ ಆಕ್ಸ್‌ಫರ್ಡ್‌ನಲ್ಲೂ ಓದಿದರು. ಜಾತಿಯ ಗೋಡೆ ದಾಟಿ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. 1938ರಲ್ಲಿ ಕೇಂದ್ರ ಶಾಸನಸಭೆಯ ಸದಸ್ಯೆಯಾದರು. ಓದಿಸುವ ತಂದೆಯಿದ್ದರೆ ಮಗಳು ಎಲ್ಲಿಯವರೆಗೆ ಹೋಗಬಲ್ಲಳು ಎಂಬುದಕ್ಕೆ ಇದು ನಿದರ್ಶನ.

1928ರ ಜನವರಿ 30ರಂದು ರಂಗರಾಯರು ನಿಧನರಾದರು. ಅವರ ಇಚ್ಛೆಯಂತೆ ದಲಿತ ಬಂಧುಗಳೇ ಅಂತ್ಯಕ್ರಿಯೆ ನೆರವೇರಿಸಿದರು. ತಮ್ಮ ಶಾಲೆಯ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಸಾಗಬೇಕೆಂಬುದು ಅವರ ಹಂಬಲವಾಗಿತ್ತು.

ಇಂದು ಬಿಸಿಯೂಟವಿದೆ, ವಿದ್ಯಾರ್ಥಿವೇತನವಿದೆ. 2024ರಲ್ಲಿ ಆರಂಭವಾದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಇದೆ. ಆದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಬೀಡಿ ಕಟ್ಟಲು ಅರ್ಧದಲ್ಲೇ ಶಾಲೆ ಬಿಟ್ಟ ಹುಡುಗಿಗೆ ಆ ಬಾಗಿಲು ತೆರೆಯದು. ನಮ್ಮ ಧರ್ಮಕೇಂದ್ರಗಳ ವಾಳೆಗಳಲ್ಲಿ ಅಂಥವರು ಯಾರಿದ್ದಾರೆಂದು ಹುಡುಕಿ, ಮರಳಿ ಶಾಲೆಗೆ ಕಳುಹಿಸೋಣ. ರಂಗರಾಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.